ಮಳೆ ನಿಂತ ಮೇಲೂ ನರಗುಂದದ ಕಡಲೆ ಹೇಗೆ ಬೆಳೆಯುತ್ತದೆ?

ಮಣ್ಣು ಹಿಡಿದಿಟ್ಟ ನೀರಿನಿಂದ. ಗದಗ ಜಿಲ್ಲೆಯ ನರಗುಂದ, ರೋಣದ ಕಡೆ ಎರಿ ಹೊಲಗಳೇ, ಅಂದರೆ ಕಪ್ಪು ಮಣ್ಣಿನ ಹೊಲಗಳೇ ಜಾಸ್ತಿ. ಈ ಮಣ್ಣಿನ ಕಣಗಳು ತೀರಾ ಸಣ್ಣವು. ನೀರು ಅವಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಬೇಗ ಬಸಿದು ಹೋಗುವುದಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದಲ್ವಾ? ಮೊದಲ ಮಳೆ ಅದರೊಳಗೇ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿತೆಂದರೆ ನೀರು ಇಂಗುವುದು ಬಲು ನಿಧಾನ. ಜೋರು ಮಳೆ ಬಂದರೆ ಮಣ್ಣನ್ನೂ ಕೊಚ್ಚಿಕೊಂಡು ಹಳ್ಳಕ್ಕೆ ಓಡುತ್ತದೆ. ಒಡ್ಡು ಹಾಕುವುದು ಸುಮ್ನೆ ಅಲ್ಲ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದ ಕಡಲೆ, ಬಿಳಿಜೋಳ, ಕುಸುಬಿ ಆ ಹಸಿಯನ್ನೇ ಬೇರಿನಿಂದ ಹೀರಿ, ಎಲೆಯ ಮೂಲಕ ಆವಿ ಮಾಡಿ ಗಾಳಿಗೆ ಬಿಡುತ್ತವೆ. ಎಡೆ ಹೊಡೆದರೆ, ಅಂದರೆ ಸಾಲುಗಳ ನಡುವೆ ಕುಂಟೆ ಎಳೆದರೆ, ಕಳೆಯೂ ಹೋಗುತ್ತದೆ, ಮೇಲಿನ ಬಿರುಕೂ ಮುಚ್ಚಿ ಹಸಿ ಉಳಿಯುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಿ ಇಷ್ಟು ದಿನ ಹಸಿ ನಿಲ್ಲುವುದಿಲ್ಲ.