ಟೈಮರ್ ಮುಟ್ಟುವ ಮೊದಲು ಇಂಧನದ ದಾರಿ ನೋಡಿ

ಪ್ರಶ್ನೆ: ನಾನು ಅಮೆರಿಕದ ಇಂಡಿಯಾನಾದಲ್ಲಿ ನೆಲೆಸಿರುವ ಕನ್ನಡಿಗ. ಸ್ನೇಹಿತರೊಬ್ಬರ ಡ್ರ್ಯಾಗ್ ರೇಸ್ (ನೇರ ಹಾದಿಯ ಕಿರು ಓಟ) ಕಾರಿನ ಕೆಲಸದಲ್ಲಿ ವಾರಾಂತ್ಯ ನೆರವಾಗುತ್ತೇನೆ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆಯಾದ ಎನ್‌ಎಚ್‌ಆರ್‌ಎಯ ಸೂಪರ್ ಗ್ಯಾಸ್ ವರ್ಗದ ಆ ಕಾರಿಗೆ ಕಾರ್ಬ್ಯುರೇಟರಿನ ಕೆಳಗೆ ಥ್ರಾಟಲ್ ಸ್ಟಾಪ್ ಇದೆ; ಟೈಮರ್ ಹೇಳಿದಷ್ಟು ಹೊತ್ತು ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆದು, ಓಟದ ಸಮಯವನ್ನು ಹೊಂದಿಸುವ ಸಾಧನ ಅದು. ಟೈಮರನ್ನು ಬದಲಿಸದಿದ್ದರೂ ಒಂದೇ ಮಧ್ಯಾಹ್ನ ಒಮ್ಮೆ 9.88, ಮತ್ತೊಮ್ಮೆ 9.97 ಸೆಕೆಂಡ್ ಬರುತ್ತದೆ. ಸ್ಟಾಪ್ ತೆರೆದೊಡನೆ ಎಂಜಿನ್ ತಡವರಿಸುತ್ತದೆ. ಪೆಟ್ರೋಲು ಬಿಟ್ಟು ಮೆಥನಾಲ್‌ಗೆ (ಒಂದು ಬಗೆಯ ಆಲ್ಕೊಹಾಲ್ ಇಂಧನ) ಬದಲಾದರೆ ಸರಿಹೋದೀತೆ?

ಉತ್ತರ: ಕಾಲು ಮೈಲಿಗೆ 9.90 ಸೆಕೆಂಡಿನ ಗುರಿ ಇಟ್ಟು, ಅದಕ್ಕಿಂತ ಬೇಗ ಮುಗಿಸಿದರೂ ಸೋಲುವ ಅಪಾಯವಿರುವ ಈ ವರ್ಗದಲ್ಲಿ ನೂರನೇ ಒಂದು ಸೆಕೆಂಡಿಗೂ ಬೆಲೆಯಿದೆ. ಆದುದರಿಂದ ನಿಮ್ಮ ಕಳವಳ ಸಹಜವಾದುದೇ. ಹವೆ ಬದಲಾಗದೆ ಇಷ್ಟು ಅಂತರ ಬಂದಿದ್ದರೆ ನಾನು ಮೊದಲು ಶಂಕಿಸುವುದು ಟೈಮರನ್ನಲ್ಲ, ಇಂಧನ ಪೂರೈಕೆಯನ್ನು.

ಟ್ಯಾಂಕ್ ಹಿಂದೆ, ಎಂಜಿನ್ ಮುಂದೆ ಇರುವ ಕಾರು 1 ಜಿ (ಭೂಮಿಯ ಗುರುತ್ವದಷ್ಟು) ವೇಗೋತ್ಕರ್ಷದಿಂದ ಚಿಮ್ಮುವಾಗ, ಮೂರು ಮೀಟರ್ ಉದ್ದದ ಕೊಳವೆಯಲ್ಲಿರುವ ಪೆಟ್ರೋಲು ಮೂರು ಮೀಟರ್ ಎತ್ತರಕ್ಕೆ ಏರಬೇಕಾದಂತೆ ಹಿಂದಕ್ಕೆ ಒತ್ತುತ್ತದೆ. ಈ ಒತ್ತು ಸುಮಾರು 3 ಪಿಎಸ್‌ಐ ಆಗುತ್ತದೆ. ಕಾರ್ಬ್ಯುರೇಟರಿಗೆ ಬೇಕಾದ ಒತ್ತಡವೇ 6–7 ಪಿಎಸ್‌ಐ ಇರುವಾಗ ಇದು ಸಣ್ಣ ನಷ್ಟವಲ್ಲ. ಹೀಗಾಗಿ ನಿಂತ ಕಾರಿನಲ್ಲಿ ಗೇಜ್ ಸರಿಯಾಗಿ ತೋರಿಸಿದ ಮಾತ್ರಕ್ಕೆ ನೆಮ್ಮದಿ ಪಡಬಾರದು. ಓಟದ ಉದ್ದಕ್ಕೂ ಒತ್ತಡವನ್ನು ದಾಖಲಿಸಿಕೊಳ್ಳಬೇಕು. ಪಂಪ್ ಟ್ಯಾಂಕಿನ ಸಮೀಪದಲ್ಲಿಯೂ ಅದರ ತಳಮಟ್ಟದಲ್ಲಿಯೂ ಇರಲಿ, ಫಿಲ್ಟರ್ ಶುಚಿಯಾಗಿರಲಿ. ಕಾರಿನಲ್ಲಿ ಆಲ್ಟರ್ನೇಟರ್ ಇಲ್ಲದಿದ್ದರೆ ಸುತ್ತಿನಿಂದ ಸುತ್ತಿಗೆ ಬ್ಯಾಟರಿಯ ವೋಲ್ಟೇಜ್ ಇಳಿದು ವಿದ್ಯುತ್ ಪಂಪ್ ನಿಧಾನವಾಗುತ್ತದೆ. ಪ್ರತಿ ಓಟಕ್ಕೂ ಮುನ್ನ ಚಾರ್ಜ್ ಮಾಡಿ. ಚಿಮ್ಮಿದಾಗ ಫ್ಲೋಟ್ ಬೌಲಿನ (ಕಾರ್ಬ್ಯುರೇಟರಿನ ಇಂಧನ ಬಟ್ಟಲು) ಇಂಧನವೂ ಹಿಂದಕ್ಕೆ ಸರಿಯುತ್ತದೆ. ಹೋಲಿ ಮಾದರಿಯ ಕಾರ್ಬ್ಯುರೇಟರುಗಳ ಹಿಂಬದಿ ಬೌಲಿನಲ್ಲಿ ಜೆಟ್‌ಗಳು, ಅಂದರೆ ಇಂಧನ ಹೊರಹೋಗುವ ಅಳತೆಯ ರಂಧ್ರಗಳು, ಇರುವುದು ಮುಂಭಾಗದ ಗೋಡೆಯಲ್ಲಿ. ಅವು ಬರಿದಾಗದಂತೆ, ಹಿಂದೆ ಸರಿದ ಇಂಧನವನ್ನು ಮುಟ್ಟುವ ಪುಟ್ಟ ಕೊಳವೆಗಳನ್ನು (ಜೆಟ್ ಎಕ್ಸ್‌ಟೆನ್ಶನ್) ಹಾಕುವುದು ವಾಡಿಕೆ. ನಿಮ್ಮಲ್ಲಿ ಅವು ಇವೆಯೇ ನೋಡಿ.

ಇನ್ನು ತಡವರಿಕೆ. ಕಾರ್ಬ್ಯುರೇಟರಿನ ಕೆಳಗೆ ಕೂರುವ ಸ್ಟಾಪ್ ಮುಚ್ಚಿ ತೆರೆಯುವುದು ತನ್ನದೇ ಬಟರ್‌ಫ್ಲೈಗಳನ್ನು (ಗಾಳಿಯ ದಾರಿಯಲ್ಲಿ ತಿರುಗುವ ತಟ್ಟೆಗಳು); ಮೇಲಿನ ಥ್ರಾಟಲ್ ಪೂರ್ತಿ ತೆರೆದೇ ಇರುವುದರಿಂದ ಆಕ್ಸಿಲರೇಟರ್ ಪಂಪ್ ಎರಡನೇ ಸಲ ಇಂಧನ ಚಿಮುಕಿಸುವುದಿಲ್ಲ. ಗಾಳಿ ಒಮ್ಮೆಲೇ ನುಗ್ಗಿ, ಇಂಧನ ಹಿಂದುಳಿದರೆ ಎಂಜಿನ್ ತಡವರಿಸದೆ ಇನ್ನೇನು ಮಾಡೀತು? ಸ್ಟಾಪ್ ತೆರೆಯುವ ವೇಗವನ್ನು ತುಸು ತಗ್ಗಿಸಿ ನೋಡಿ. ಅದು ಕಾರ್ಬನ್ ಡೈಆಕ್ಸೈಡ್ ಒತ್ತಡದಿಂದ ನಡೆಯುವುದಾದರೆ ಬಾಟಲಿಯ ಒತ್ತಡವನ್ನೂ ಪರೀಕ್ಷಿಸಿ, ಏಕೆಂದರೆ ಅದು ಕುಸಿದಾಗ ತೆರೆಯುವ ವೇಗವೂ ಬದಲಾಗುತ್ತದೆ. ಜೊತೆಗೆ ಒಬ್ಬರು ಪೆಡಲ್ ಒತ್ತಿ ಹಿಡಿದಿರಲು, ಇನ್ನೊಬ್ಬರು ಕಾರ್ಬ್ಯುರೇಟರಿನ ಬಟರ್‌ಫ್ಲೈಗಳು ಪೂರ್ತಿ ತೆರೆದಿವೆಯೇ, ಕಾಲು ತೆಗೆದೊಡನೆ ರಿಟರ್ನ್ ಸ್ಪ್ರಿಂಗ್ ಅವನ್ನು ಥಟ್ಟನೆ ಮುಚ್ಚುತ್ತದೆಯೇ ಎಂಬುದನ್ನು ಎಂಜಿನ್ ನಿಲ್ಲಿಸಿಯೇ ಕಣ್ಣಾರೆ ನೋಡಬೇಕು. ಈ ಒಂದು ತಪಾಸಣೆಯನ್ನು ದಯವಿಟ್ಟು ಯಾವ ಅವಸರದಲ್ಲೂ ಬಿಡಬೇಡಿ.

ಮೆಥನಾಲ್ ಆವಿಯಾಗುವಾಗ ಒಳಬರುವ ಗಾಳಿಯನ್ನು ಚೆನ್ನಾಗಿ ತಂಪಾಗಿಸುತ್ತದೆ, ಹವೆಯ ಏರಿಳಿತಕ್ಕೆ ಪೆಟ್ರೋಲಿನಷ್ಟು ಸ್ಪಂದಿಸುವುದಿಲ್ಲ. ಹಲವರು ಅದನ್ನು ಮೆಚ್ಚುವುದು ಇದಕ್ಕಾಗಿಯೇ. ಆದರೆ ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕಾದರೆ, ಮೆಥನಾಲ್‌ಗೆ 6.4 ಭಾಗ ಸಾಕು. ಅಂದರೆ ಅಷ್ಟೇ ಗಾಳಿಗೆ ಎರಡು ಪಟ್ಟಿಗೂ ಹೆಚ್ಚು ಇಂಧನ ಹರಿಯಬೇಕು. ಈಗಲೇ ಸೋಲುತ್ತಿರುವ ಪಂಪಿಗೆ ಅದು ಇನ್ನೂ ದೊಡ್ಡ ಹೊರೆ. ಮೆಥನಾಲ್ ಅಲ್ಯೂಮಿನಿಯಂ ಭಾಗಗಳನ್ನು ಕೊರೆಯುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಪೆಟ್ರೋಲಿನಲ್ಲೇ ಒತ್ತಡ ಕೊನೆಯವರೆಗೂ ಸ್ಥಿರವಾಗಿ ನಿಂತ ಮೇಲೆ, ಪಂಪ್, ಕೊಳವೆ, ಕಾರ್ಬ್ಯುರೇಟರ್ ಮೂರನ್ನೂ ಬದಲಿಸಲು ಸಿದ್ಧರಿದ್ದರೆ ಮಾತ್ರ ಆ ಕಡೆ ಯೋಚಿಸಿ.