ಫಾರ್ಮ್ಯಾಟ್ ಮಾಡಿದ ಮೇಲೆ ಬ್ಲೇಮ್‌ನಲ್ಲಿ ಒಬ್ಬರದೇ ಹೆಸರು: ಟೂಲ್ ಬಿಡಬೇಕಾ?

ಬದಿಯಡ್ಕದಲ್ಲಿ ನೀವು ನಾಲ್ವರು ಸೇರಿ ಅಡಿಕೆ ತೋಟದ ಪಂಪಿಗೆ ಸಿ ಕೋಡ್ ಬರೆಯುತ್ತಿದ್ದೀರಿ. ಒಬ್ಬರು ಎಲ್ಲ ಫೈಲಿಗೂ ಕ್ಲ್ಯಾಂಗ್-ಫಾರ್ಮ್ಯಾಟ್ (ಕೋಡಿನ ಸಾಲುಗಳನ್ನು ಒಂದೇ ರೀತಿ ಜೋಡಿಸುವ ಟೂಲ್) ಓಡಿಸಿದರು, ಈಗ ಗಿಟ್ ಬ್ಲೇಮ್‌ನಲ್ಲಿ (ಪ್ರತಿ ಸಾಲನ್ನೂ ಕೊನೆಗೆ ತಿದ್ದಿದವರು ಯಾರು ಅಂತ ತೋರಿಸುವುದು) ಹೆಚ್ಚಿನ ಸಾಲೆಲ್ಲ ಅವರ ಹೆಸರಲ್ಲೇ. ಟೂಲನ್ನೇ ಬಿಡಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ.

ಆ ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಾದ ಆ ಬದಲಾವಣೆಯಲ್ಲಿ) ಫಾರ್ಮ್ಯಾಟ್ ಬಿಟ್ಟು ಬೇರೇನೂ ಬದಲಾಗಿಲ್ಲ ಅಲ್ವಾ? ಹಾಗಿದ್ದರೆ ಅದರ ಪೂರ್ತಿ ಹ್ಯಾಶನ್ನು (ಕಮಿಟ್‌ನ ಗುರುತಿನ ಉದ್ದ ಸಂಕೇತ) ಒಂದು ಫೈಲಿನಲ್ಲಿ ಬರೆದಿಡಿ. ಗಿಟ್ ಕಾನ್ಫಿಗ್‌ನ (ಗಿಟ್‌ನ ಸೆಟ್ಟಿಂಗ್‌ಗಳ) ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್‌ಗೆ ಆ ಫೈಲಿನ ಹೆಸರು ಕೊಡಿ, ಆಗ ಬ್ಲೇಮ್ ಆ ಕಮಿಟ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2019ರ ಗಿಟ್ 2.23ರಿಂದ ಈ ಸೌಲಭ್ಯ ಇದೆ. ಹಳೆಯ ಹೆಸರುಗಳು ಬಹುಮಟ್ಟಿಗೆ ವಾಪಸ್ ಬರುತ್ತವೆ. ಕಾನ್ಫಿಗ್ ಹಂಚಿಕೆಯಾಗುವುದಿಲ್ಲ, ನಾಲ್ವರೂ ಅವರವರ ಕಂಪ್ಯೂಟರಿನಲ್ಲೇ ಹಾಕಿಕೊಳ್ಳಬೇಕು.

ಇದಕ್ಕಿಂತ ಜಾಸ್ತಿ ಕಾಡುವುದು ಆವೃತ್ತಿ. ನಮ್ಮ ತಂಡದಲ್ಲಿ ಮಂಜೇಶ್ವರದವರ ಹತ್ತಿರ ಕ್ಲ್ಯಾಂಗ್-ಫಾರ್ಮ್ಯಾಟ್ 14, ಕುಂಬಳೆಯವರ ಹತ್ತಿರ 18 ಇತ್ತು. ಸೆಟ್ಟಿಂಗ್ ಫೈಲ್ ಒಂದೇ. ಆದರೂ ಒಬ್ಬರು ಜೋಡಿಸಿದ ಸಾಲನ್ನು ಇನ್ನೊಬ್ಬರ ಟೂಲ್ ಮತ್ತೆ ಮುರಿಯುತ್ತಿತ್ತು. ಎರಡು ವಾರ ಸುಮ್ನೆ ಹೋಯಿತು, ಗೆಳೆಯರ ನಡುವೆ ಬೇಸರವೂ ಆಯಿತು. ಆದ್ದರಿಂದ ಮೊದಲು ಎಲ್ಲರೂ ಒಂದೇ ಆವೃತ್ತಿ ಹಾಕಿಕೊಳ್ಳಿ.

ಕ್ಲ್ಯಾಂಗ್-ಫಾರ್ಮ್ಯಾಟ್‌ನ ಸೆಟ್ಟಿಂಗ್ ಫೈಲಿನಲ್ಲಿ ಸಾರ್ಟ್‌ಇನ್‌ಕ್ಲೂಡ್ಸ್ (ಇನ್‌ಕ್ಲೂಡ್ ಸಾಲುಗಳ ಕ್ರಮ ಬದಲಿಸುವ ಆಯ್ಕೆ) ಅನ್ನು ನೆವರ್ ಅಂತ ಇಡಿ. ಸಿಯಲ್ಲಿ ಕೆಲವು ಹೆಡರ್‌ಗಳಿಗೆ (ಇನ್‌ಕ್ಲೂಡ್ ಮೂಲಕ ಸೇರಿಸುವ ಫೈಲುಗಳಿಗೆ) ಅವುಗಳ ಕ್ರಮವೇ ಮುಖ್ಯ, ಅದು ಬದಲಾದರೆ ಕಂಪೈಲ್ ಆಗದೇ ಹೋಗಬಹುದು. ಕೈಯಿಂದ ಜೋಡಿಸಿದ ಪಿನ್ ಪಟ್ಟಿಯ ಮೇಲೆ ಕ್ಲ್ಯಾಂಗ್-ಫಾರ್ಮ್ಯಾಟ್ ಆಫ್, ಕೆಳಗೆ ಆನ್ ಅಂತ ಕಾಮೆಂಟ್ ಹಾಕಿ.

ಇನ್ನು ಮುಂದೆ ಕಮಿಟ್‌ಗೆ ಮೊದಲು ಗಿಟ್ ಕ್ಲ್ಯಾಂಗ್-ಫಾರ್ಮ್ಯಾಟ್ ಓಡಿಸಿ. ಅದು ನೀವು ತಿದ್ದಿದ ಸಾಲುಗಳನ್ನು ಮಾತ್ರ ಮುಟ್ಟುತ್ತದೆ.