ಕೆಲಸದ ಜೊತೆಗೇ ಸೂರು: ರೆಸಾರ್ಟ್‌ಗಳ ಹಂಗಾಮಿನ ಉದ್ಯೋಗಕ್ಕೆ ಅರ್ಜಿ ಹಾಕುವವರಿಗೆ

ಪ್ರಶ್ನೆ: ಪದವಿ ಮುಗಿಸಿ ಒಂದು ವರ್ಷವಾಗಿದೆ. ಊಟ, ವಸತಿ ಸಹಿತವಾಗಿ ಪ್ರವಾಸಿ ರೆಸಾರ್ಟ್‌ವೊಂದರಲ್ಲಿ ಒಂದು ಹಂಗಾಮಿನ ಮಟ್ಟಿಗೆ ಕೆಲಸ ಮಾಡಬೇಕೆಂದಿದ್ದೇನೆ. ಹೊರದೇಶವಾದರೂ ಸರಿ. ಹೋಟೆಲ್ ಕೆಲಸದ ಅನುಭವವಿಲ್ಲ. ಕಳೆದ ಸಲ ಹಂಗಾಮು ಆರಂಭವಾಗಲು ಎರಡು ವಾರ ಇದ್ದಾಗ ಹತ್ತಾರು ಕಡೆಗೆ ಒಂದೇ ಅರ್ಜಿಯನ್ನು ಕಳುಹಿಸಿದೆ; ಒಬ್ಬರೂ ಉತ್ತರಿಸಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಉತ್ತರದ ಅರ್ಧ ಭಾಗ ನಿಮ್ಮ ಪತ್ರದಲ್ಲಿಯೇ ಇದೆ. ಆರಂಭಕ್ಕೆ ಎರಡು ವಾರ ಇರುವಾಗ ನೇಮಕಾತಿ ವಿಭಾಗದವರು ಹೊಸ ಅರ್ಜಿಗಳನ್ನು ಓದುತ್ತಿರುವುದಿಲ್ಲ. ಈಗಾಗಲೇ ಆಯ್ಕೆಯಾದವರಿಗೆ ಕೊಠಡಿ ಹಂಚುವುದರಲ್ಲಿ, ಸಮವಸ್ತ್ರದ ಅಳತೆ ಬರೆದುಕೊಳ್ಳುವುದರಲ್ಲಿ ಮುಳುಗಿರುತ್ತಾರೆ. ಆಲ್ಪ್ಸ್ ಪರ್ವತಗಳ ಸ್ಕೀ ರೆಸಾರ್ಟ್‌ಗಳ ಹಂಗಾಮು ಸಾಮಾನ್ಯವಾಗಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಇರುತ್ತದೆ. ಅದಕ್ಕೆ ಜನರನ್ನು ಆರಿಸುವ ಕೆಲಸ ಬೇಸಿಗೆಯಲ್ಲೇ ಆರಂಭವಾಗಿ ಅಕ್ಟೋಬರ್ ಹೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತದೆ. ಮೆಡಿಟರೇನಿಯನ್ ಕರಾವಳಿಯ ರೆಸಾರ್ಟ್‌ಗಳು ಸುಮಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ನಡೆಯುವುದರಿಂದ ಅಲ್ಲಿಗೆ ವರ್ಷದ ಮೊದಲ ಮೂರು ನಾಲ್ಕು ತಿಂಗಳಲ್ಲೇ ಅರ್ಜಿ ಹಾಕಬೇಕು. ನ್ಯೂಜಿಲೆಂಡ್‌ನಲ್ಲಿ ಹಿಮದ ಹಂಗಾಮು ಜೂನ್ ಹೊತ್ತಿಗೆ ಬರುತ್ತದೆ. ಹೀಗಾಗಿ ಉತ್ತರ ಗೋಳದ ಚಳಿಗಾಲ ಮುಗಿಸಿ ದಕ್ಷಿಣದ ಚಳಿಗಾಲಕ್ಕೆ ಹೊರಡುವ, ವರ್ಷವಿಡೀ ಚಳಿಯಲ್ಲೇ ಬದುಕುವ ಒಂದು ವರ್ಗವೇ ಈ ವೃತ್ತಿಯಲ್ಲಿದೆ. ತಡವಾಗಿ ಬಂದವರಿಗೂ ಒಂದು ಬಾಗಿಲು ತೆರೆದಿರುತ್ತದೆ. ಹಂಗಾಮು ಆರಂಭವಾದ ಎರಡು ಮೂರು ವಾರಗಳಲ್ಲಿ ಕೆಲಸದ ಭಾರ ಕಂಡು ಕೆಲವರು ಬಿಟ್ಟು ಹೋಗುತ್ತಾರೆ. ಆ ದಿನಗಳಲ್ಲಿ, ತಕ್ಷಣ ಹೊರಟು ಬರಬಲ್ಲೆ ಎಂದು ಬರೆದವರ ಪತ್ರವನ್ನು ಓದದೆ ಬಿಡುವುದಿಲ್ಲ.

ಹೊರದೇಶದ ವಿಷಯದಲ್ಲಿ ಕೆಲಸಕ್ಕಿಂತ ಮೊದಲು ಪರವಾನಗಿಯನ್ನು ನೋಡಿ. ಅಮೆರಿಕದ ಜೆ-1 ವೀಸಾದ ಬೇಸಿಗೆ ಕೆಲಸದ ಯೋಜನೆ ಕಾಲೇಜಿನಲ್ಲಿ ಓದುತ್ತಿರುವವರಿಗೆ, ಅದೂ ರಜೆಯ ಅವಧಿಯಲ್ಲಿ ಗರಿಷ್ಠ 4 ತಿಂಗಳಿಗೆ ಮಾತ್ರ ಇರುವುದರಿಂದ, ಓದು ಮುಗಿಸಿರುವ ನಿಮಗೆ ಆ ದಾರಿ ಮುಚ್ಚಿದೆ. ಐರೋಪ್ಯ ಒಕ್ಕೂಟ 2014ರಲ್ಲಿ ಹೊರಡಿಸಿದ ಹಂಗಾಮಿನ ಕಾರ್ಮಿಕರ ನಿರ್ದೇಶನವು, ಹೊರಗಿನಿಂದ ಬರುವವರ ವಾಸದ ಗರಿಷ್ಠ ಅವಧಿಯನ್ನು ಯಾವುದೇ 12 ತಿಂಗಳಲ್ಲಿ 5ರಿಂದ 9 ತಿಂಗಳೊಳಗೆ ನಿಗದಿ ಮಾಡುವಂತೆ ಸದಸ್ಯ ದೇಶಗಳಿಗೆ ಹೇಳುತ್ತದೆ. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಅದರ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಅರ್ಜಿಯ ಮಾತು. ಅನುಭವವಿಲ್ಲ ಎಂಬುದಕ್ಕೆ ನೀವು ಅಂಜುತ್ತಿದ್ದೀರಿ, ಆದರೆ ನೇಮಿಸಿಕೊಳ್ಳುವವರ ಅಂಜಿಕೆಯೇ ಬೇರೆ. ಹಾಸಿಗೆ ಹಾಸುವುದನ್ನೂ ತಟ್ಟೆ ಹಿಡಿಯುವುದನ್ನೂ ಒಂದು ವಾರದಲ್ಲಿ ಕಲಿಸಬಹುದು. ಹಂಗಾಮಿನ ನಡುಮಧ್ಯೆ, ಎಲ್ಲ ಕೊಠಡಿಗಳೂ ತುಂಬಿರುವಾಗ, ಹೇಳದೆ ಕೇಳದೆ ಹೊರಟುಹೋದವನ ಜಾಗವನ್ನು ತುಂಬುವುದು ಕಷ್ಟ. ಆದ್ದರಿಂದ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ನೀವು ದೊರೆಯುತ್ತೀರಿ ಎಂಬುದು ಪತ್ರದ ಮೊದಲ ಸಾಲಿನಲ್ಲಿಯೇ ಇರಲಿ, ಮತ್ತು ಆ ಅವಧಿ ರೆಸಾರ್ಟಿನ ಕೊನೆಯ ದಿನವನ್ನೂ ಒಳಗೊಂಡಿರಲಿ. ಹಾಸ್ಟೆಲಿನಲ್ಲಿ ನಾಲ್ವರೊಡನೆ ಒಂದೇ ಕೋಣೆಯಲ್ಲಿ ಇದ್ದದ್ದು, ಮನೆಯಿಂದ ದೂರ ಇದ್ದು ಓದಿದ್ದು, ಶಿಬಿರಗಳಲ್ಲಿ ದುಡಿದದ್ದು ಬೇರೆ ಬಯೋಡೇಟಾದಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರದಿದ್ದರೂ ಇಲ್ಲಿ ಮುಖ್ಯ ಅರ್ಹತೆಗಳೇ, ಏಕೆಂದರೆ ಅವರು ಆರಿಸುತ್ತಿರುವುದು ಕೆಲಸಗಾರನನ್ನಷ್ಟೇ ಅಲ್ಲ, ಇನ್ನೊಬ್ಬ ಕೆಲಸಗಾರನ ಕೋಣೆಯ ಜೊತೆಗಾರನನ್ನೂ ಹೌದು.

‘ಯಾವ ಕೆಲಸವಾದರೂ ಸರಿ’ ಎಂದು ಬರೆಯಬೇಡಿ. ಅದು ವಿನಯದಂತೆ ಕಾಣುತ್ತದೆ, ಆದರೆ ಓದುವವನಿಗೆ ಯಾವ ವಿಭಾಗಕ್ಕೆ ಕಳುಹಿಸಬೇಕೆಂದು ತಿಳಿಯದೆ ಅರ್ಜಿ ಬದಿಗೆ ಸರಿಯುತ್ತದೆ. ಒಂದು ಹುದ್ದೆಯನ್ನು ಮೊದಲ ಆಯ್ಕೆಯಾಗಿ, ಇನ್ನೊಂದನ್ನು ಎರಡನೆಯದಾಗಿ ಹೆಸರಿಸಿ. ಅನುಭವವಿಲ್ಲದವರಿಗೆ ಹೌಸ್‌ಕೀಪಿಂಗ್ ಮತ್ತು ಅಡುಗೆಮನೆಯ ಪಾತ್ರೆ ತೊಳೆಯುವ ವಿಭಾಗಗಳಲ್ಲಿ ಜಾಗ ಬೇಗ ಸಿಗುತ್ತದೆ. ಸ್ವಾಗತ ಕೌಂಟರ್‌ಗೆ ಭಾಷೆಗಳು ಬೇಕು. ಈಜು ಬಲ್ಲವರು ಲೈಫ್‌ಗಾರ್ಡ್ ಪ್ರಮಾಣಪತ್ರ ಪಡೆದರೆ ಉಳಿದವರಿಗಿಂತ ಬಹಳ ಮುಂದೆ ಹೋಗುತ್ತಾರೆ, ಆದರೆ ಆ ಪ್ರಮಾಣಪತ್ರದ ಅವಧಿ ಹಂಗಾಮಿನ ನಡುವೆ ಮುಗಿಯದಂತೆ ನೋಡಿಕೊಳ್ಳಬೇಕು. ಮಕ್ಕಳೊಡನೆ ಇರುವ ಕೆಲಸಗಳಿಗೆ ಅನೇಕ ದೇಶಗಳಲ್ಲಿ ಪೊಲೀಸ್ ಪರಿಶೀಲನೆಯ ವರದಿ ಕೇಳುತ್ತಾರೆ. ಅದಕ್ಕೆ ವಾರಗಳೇ ಹಿಡಿಯುವುದರಿಂದ ಮೊದಲೇ ಅರ್ಜಿ ಹಾಕಿಡಿ.

ಪ್ರಶ್ನೆ: ಎರಡು ರೆಸಾರ್ಟ್‌ಗಳಿಂದ ನೇಮಕಾತಿ ಪತ್ರ ಬಂದಿದೆ. ಒಂದರಲ್ಲಿ ಊಟ, ವಸತಿ ಎರಡೂ ಉಚಿತ. ಇನ್ನೊಂದರಲ್ಲಿ ಸಂಬಳ ಕಾಲು ಭಾಗ ಹೆಚ್ಚು, ಆದರೆ ಊಟ ಮತ್ತು ಕೊಠಡಿಯ ಹಣ ಮುರಿದುಕೊಳ್ಳುತ್ತಾರಂತೆ. ಉಚಿತವಾದದ್ದೇ ಮೇಲಲ್ಲವೇ?

ಉತ್ತರ: ಅವಸರ ಬೇಡ, ಮೊದಲು ಕೆಲಸದ ಗಂಟೆಗಳನ್ನು ಕೇಳಿ. ಮೊದಲನೆಯವರು 100 ಕೊಟ್ಟು ವಾರಕ್ಕೆ 60 ಗಂಟೆ ದುಡಿಸಿಕೊಳ್ಳುತ್ತಾರೆ, ಎರಡನೆಯವರು 125 ಕೊಟ್ಟು, 20 ಮುರಿದುಕೊಂಡು, 48 ಗಂಟೆ ದುಡಿಸಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಕೈಗೆ ಬರುವುದು 100 ಮತ್ತು 105, ಹೆಚ್ಚು ಕಡಿಮೆ ಒಂದೇ. ಆದರೆ ಗಂಟೆಯ ಲೆಕ್ಕದಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಶೇ 31ರಷ್ಟು ಹೆಚ್ಚು. ‘ಉಚಿತ’ ಎಂಬುದರ ಬೆಲೆಯನ್ನು ಎಷ್ಟೋ ಕಡೆ ಹೀಗೆ ಗಂಟೆಗಳಲ್ಲಿ ತೆರುತ್ತೇವೆ. ಬ್ರೇಕ್ ಶಿಫ್ಟ್ ಇದೆಯೇ ಎಂದೂ ಕೇಳಿ: ಬೆಳಗಿನ ತಿಂಡಿಯ ಹೊತ್ತಿಗೆ ನಾಲ್ಕು ಗಂಟೆ, ರಾತ್ರಿಯ ಊಟದ ಹೊತ್ತಿಗೆ ನಾಲ್ಕು ಗಂಟೆ ದುಡಿದರೆ ಕಾಗದದಲ್ಲಿ ಅದು ಎಂಟೇ ಗಂಟೆ, ಆದರೆ ಇಡೀ ದಿನ ಅದಕ್ಕೇ ಕಟ್ಟಿಬಿದ್ದಿರುತ್ತದೆ. ಮಧ್ಯಾಹ್ನ ಸ್ಕೀಯಿಂಗ್ ಮಾಡಲೆಂದೇ ಹೋಗುವವರಿಗೆ ಮಾತ್ರ ಅದು ವರ.

ಕಡಿತಕ್ಕೆ ಎಲ್ಲೆಡೆ ಒಂದೇ ನಿಯಮವಿಲ್ಲ. ಬ್ರಿಟನ್ನಿನಲ್ಲಿ ಮಾಲೀಕರು ಕೊಡುವ ಸೌಲಭ್ಯಗಳ ಪೈಕಿ ವಸತಿಯನ್ನು ಮಾತ್ರ, ಅದನ್ನೂ ದಿನಕ್ಕೆ ಇಷ್ಟೇ ಎಂಬ ಮಿತಿಯೊಳಗೆ, ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿಸಬಹುದು, ಊಟವನ್ನು ಸೇರಿಸುವಂತಿಲ್ಲ. ಮೇಲೆ ಹೇಳಿದ ಐರೋಪ್ಯ ನಿರ್ದೇಶನದ ಪ್ರಕಾರ ಬಾಡಿಗೆಯು ಕೈಗೆ ಬರುವ ವೇತನಕ್ಕೂ ವಸತಿಯ ಗುಣಮಟ್ಟಕ್ಕೂ ಹೋಲಿಸಿದರೆ ವಿಪರೀತವಾಗಿರಬಾರದು, ಸಂಬಳದಿಂದ ತಾನಾಗಿ ಮುರಿದುಕೊಳ್ಳುವಂತಿಲ್ಲ, ಮತ್ತು ಬಾಡಿಗೆಯ ಷರತ್ತುಗಳನ್ನು ಬರಹದಲ್ಲಿ ಕೊಡಬೇಕು. ಅಮೆರಿಕದಲ್ಲಿ ವರ್ಷಕ್ಕೆ 7 ತಿಂಗಳಿಗಿಂತ ಹೆಚ್ಚು ನಡೆಯದ ಮನರಂಜನಾ ಸಂಸ್ಥೆಗಳಿಗೆ ಕೇಂದ್ರದ ಕನಿಷ್ಠ ವೇತನ ಮತ್ತು ಓವರ್‌ಟೈಮ್ ನಿಯಮಗಳಿಂದ ವಿನಾಯಿತಿಯೇ ಇದೆ. ಅದನ್ನು ತಿಳಿಯದೆ ಹೋದವರು ಮೊದಲ ಸಂಬಳದ ಚೀಟಿ ನೋಡಿ ಬೆಚ್ಚುತ್ತಾರೆ. ಟಿಪ್ಸ್ ಚೆನ್ನಾಗಿ ಬರುತ್ತದೆ ಎಂಬ ಮಾತನ್ನು ಸಂಬಳದ ಬದಲಿಗೆ ಒಪ್ಪಿಕೊಳ್ಳಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1991ರ ಹೋಟೆಲ್ ಮತ್ತು ರೆಸ್ಟೋರೆಂಟ್ ಒಡಂಬಡಿಕೆ, ಟಿಪ್ಸ್ ಬರಲಿ ಬಿಡಲಿ ಮೂಲ ವೇತನ ಕಾಲಕಾಲಕ್ಕೆ ಸಲ್ಲಬೇಕು ಎನ್ನುತ್ತದೆ.

ಸಂಬಳದಷ್ಟೇ ಗಂಭೀರವಾಗಿ ಕೊಠಡಿಯನ್ನು ವಿಚಾರಿಸಿ. ಕೋಣೆಯಲ್ಲಿ ಎಷ್ಟು ಜನ, ಪ್ರತಿಯೊಬ್ಬರಿಗೂ ಬೀಗ ಹಾಕುವ ಕಪಾಟು ಇದೆಯೇ, ಹೆಣ್ಣುಮಕ್ಕಳ ಸ್ನಾನಗೃಹ ಪ್ರತ್ಯೇಕವೇ, ವಸತಿಗೃಹ ರೆಸಾರ್ಟಿನ ಆವರಣದಲ್ಲೇ ಇದೆಯೇ, ದೂರವಿದ್ದರೆ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿದವರಿಗೆ ವಾಹನವಿದೆಯೇ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಹೆಚ್ಚಿನವರು ಮರೆಯುವ ಪ್ರಶ್ನೆ ವಾರದ ರಜೆಯ ದಿನದ್ದು: ಅಂದು ಸಿಬ್ಬಂದಿಯ ಊಟದಲ್ಲಿ ನಿಮಗೆ ಪಾಲಿದೆಯೇ, ಇಲ್ಲವಾದರೆ ಬೇಯಿಸಿಕೊಳ್ಳಲು ಒಲೆ ಇದೆಯೇ? ಹತ್ತಿರದಲ್ಲಿ ಪ್ರವಾಸಿಗರ ದರದ ಹೋಟೆಲ್‌ಗಳಷ್ಟೇ ಇರುವಲ್ಲಿ, ಹೊರಗೆ ಉಣ್ಣುವ ಒಂದೊಂದು ರಜೆಯ ದಿನವೂ ಉಳಿತಾಯವನ್ನು ಕರಗಿಸುತ್ತದೆ.

ಪ್ರಶ್ನೆ: ಸೀಟು ಕಾಯ್ದಿರಿಸಲು ಮುಂಗಡ ಕಟ್ಟಬೇಕು, ಮೂಲ ಪಾಸ್‌ಪೋರ್ಟ್ ಒಪ್ಪಿಸಬೇಕು ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಉದ್ಯೋಗವನ್ನು ಮಾರುವ, ಕೊಳ್ಳುವ ರೂಢಿಯನ್ನು ನಿಷೇಧಿಸಬೇಕೆಂದು ಮೇಲಿನ 1991ರ ಒಡಂಬಡಿಕೆಯೇ ಹೇಳುತ್ತದೆ. ಖಾಸಗಿ ನೇಮಕಾತಿ ಏಜೆನ್ಸಿಗಳು ಕಾರ್ಮಿಕರಿಂದ ನೇರವಾಗಿಯಾಗಲಿ ಸುತ್ತಿ ಬಳಸಿಯಾಗಲಿ ಶುಲ್ಕ ಪಡೆಯಬಾರದು ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯದೇ 1997ರ ಒಡಂಬಡಿಕೆಯ ಸಾಮಾನ್ಯ ನಿಯಮ. ಕೆಲವು ದೇಶಗಳು ಮಿತಿಯೊಳಗಿನ ಶುಲ್ಕಕ್ಕೆ ಅವಕಾಶ ಕೊಟ್ಟಿವೆ, ಆದರೆ ಅಲ್ಲಿಯೂ ಏಜೆಂಟರಿಗೆ ಪರವಾನಗಿ ಇರಬೇಕು, ಹಣಕ್ಕೆ ರಸೀದಿ ಇರಬೇಕು. ವೀಸಾ ಶುಲ್ಕದ ಮಾತು ಬೇರೆ. ಅದನ್ನು ಅಧಿಕೃತ ಕಚೇರಿಗೆ ನೀವೇ ಕಟ್ಟಿ. ಪಾಸ್‌ಪೋರ್ಟ್ ವೀಸಾ ಮುದ್ರೆಗಾಗಿ ಅಂಥ ಕಚೇರಿಗೆ ಹೋಗುವುದುಂಟು, ಕೆಲಸಕ್ಕೆ ಸೇರುವ ದಿನ ದಾಖಲೆಗಾಗಿ ಅದನ್ನು ನೋಡಿ ಪ್ರತಿ ತೆಗೆದುಕೊಳ್ಳುವುದುಂಟು. ಅದನ್ನು ಇಟ್ಟುಕೊಳ್ಳುವ ಹಕ್ಕು ಏಜೆಂಟನಿಗೂ ಇಲ್ಲ, ಮಾಲೀಕನಿಗೂ ಇಲ್ಲ. ಗುರುತಿನ ದಾಖಲೆಗಳನ್ನು ವಶದಲ್ಲಿಟ್ಟುಕೊಳ್ಳುವುದು ಬಲವಂತದ ದುಡಿಮೆಯ 11 ಸೂಚಕಗಳಲ್ಲಿ ಒಂದೆಂದು ಅದೇ ಸಂಘಟನೆ ಗುರುತಿಸಿದೆ. ಅಂಥ ಹುದ್ದೆ ನಿಜವಾಗಿಯೂ ಇದೆಯೇ ಎಂದು ತಿಳಿಯಲು ಏಜೆಂಟರು ಕೊಟ್ಟ ಸಂಖ್ಯೆಗೆ ಕರೆ ಮಾಡಬೇಡಿ. ಅತಿಥಿಗಳು ಕೊಠಡಿ ಕಾಯ್ದಿರಿಸಲು ಬಳಸುವ ಸಂಖ್ಯೆಗೆ ಕರೆ ಮಾಡಿ, ಸಿಬ್ಬಂದಿ ವಿಭಾಗಕ್ಕೆ ಜೋಡಿಸುವಂತೆ ಕೇಳಿ.

ಪ್ರಶ್ನೆ: ನಾನೂ ನನ್ನ ಗೆಳತಿಯೂ ಒಂದೇ ಕಡೆ ಸೇರಬಹುದೇ? ನಡುವೆ ಹೊಂದಿಕೆಯಾಗದಿದ್ದರೆ ಏನು ಗತಿ?

ಉತ್ತರ: ಸೇರಬಹುದು. ಅರ್ಜಿಗಳು ಎರಡಿರಲಿ, ಪ್ರತಿಯೊಂದರಲ್ಲೂ ಇನ್ನೊಬ್ಬರ ಹೆಸರಿರಲಿ, ಒಬ್ಬರಿಗೇ ಕೆಲಸ ಸಿಕ್ಕರೂ ಹೋಗುವಿರಾ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.

ಎರಡನೆಯ ಪ್ರಶ್ನೆಯನ್ನು ಹೊರಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಬೇರೆ ಕೆಲಸ ಹೋದರೆ ಸಂಬಳ ನಿಲ್ಲುತ್ತದೆ. ಇಲ್ಲಿ ಕೆಲಸ ಹೋದರೆ ಹಾಸಿಗೆಯೂ ಹೋಗುತ್ತದೆ, ಮತ್ತು ಅದು ಕೊನೆಯ ಬಸ್ಸು ಹೊರಟುಹೋದ ಮೇಲಿನ ಸಂಜೆಯೂ ಆಗಿರಬಹುದು. ಆದ್ದರಿಂದ ಸಹಿ ಹಾಕುವ ಮುನ್ನ ಕರಾರಿನಲ್ಲಿ ಮೂರು ವಿಷಯಗಳನ್ನು ಹುಡುಕಿ: ಎರಡೂ ಕಡೆಯವರು ಎಷ್ಟು ದಿನದ ನೋಟಿಸ್ ಕೊಡಬೇಕು, ಕೆಲಸ ಮುಗಿದ ಮೇಲೆ ಕೊಠಡಿ ತೆರವು ಮಾಡಲು ಎಷ್ಟು ಕಾಲಾವಕಾಶವಿದೆ, ಮತ್ತು ಹಂಗಾಮು ಪೂರೈಸಿದವರಿಗೆ ಕೊಡುವ ಬೋನಸ್ಸು, ಸಮವಸ್ತ್ರದ ಠೇವಣಿಗಳು ನಡುವೆ ಬಿಟ್ಟವರಿಗೆ ಏನಾಗುತ್ತವೆ. ಕೊಠಡಿಯ ಬಗ್ಗೆ ಕರಾರಿನಲ್ಲಿ ಒಂದು ಮಾತೂ ಇಲ್ಲದಿದ್ದರೆ ಈ ಪ್ರಶ್ನೆಗಳನ್ನು ಮಿಂಚಂಚೆಯಲ್ಲಿ ಕೇಳಿ. ಅವರ ಉತ್ತರವೇ ಮುಂದೆ ದಾಖಲೆಯಾಗುತ್ತದೆ. ಊರಿಗೆ ಮರಳುವ ಟಿಕೆಟ್ಟಿನ ಹಣವನ್ನೂ ಹೊರಗೆ ಒಂದು ವಾರ ತಂಗುವ ಹಣವನ್ನೂ ಮೊದಲ ದಿನದಿಂದಲೇ ಪ್ರತ್ಯೇಕವಾಗಿಡಿ. ನೀವಿಬ್ಬರೂ ಒಂದೇ ಖಾತೆಯಲ್ಲಿ ಅಲ್ಲ, ಬೇರೆ ಬೇರೆ ಖಾತೆಗಳಲ್ಲಿ.